ಭಟ್ಟಿ ಇಟ್ಟಂಗಿಯ ಬಾವಿ

ಶಹಾಬಾದಿನ ಆ ಬಾವಿಯ ನೀರನ್ನು ಮೊದಲ ಸಲ ತಂದು ನಮ್ಮ ಬ್ಯಾಕ್ಟೀರಿಯಾಗಳಿಗೆ ಕುಡಿಸಿದಾಗ ಅವು ಬೆಳಗಲಿಲ್ಲ. ನನಗೆ ಸಿಟ್ಟು ಬಂತು. ವಿಷವಿಲ್ಲವೆಂದು ಸಂತೋಷಪಡುವುದು ಬಿಟ್ಟು ಸಿಟ್ಟಾಗುವುದು ಎಂಥ ಬುದ್ಧಿ ಎಂದು ಯಾರಾದರೂ ಕೇಳಬಹುದು. ಆದರೆ ನಾನು ಆ ಬಾವಿಯಿರುವ ಓಣಿಯ ಹೆಂಗಸರ ಕೈ ನೋಡಿ ಬಂದವಳು. ಬೆರಳ ಸಂದಿಯಲ್ಲಿ, ಮಣಿಕಟ್ಟಿನ ಮೇಲೆ ಗುಂಡನೆಯ ಹುಣ್ಣುಗಳು, ಮೊಳೆ ಹೊಡೆದು ಕಿತ್ತ ಹಾಗೆ. ಎಷ್ಟು ಮುಲಾಮು ಹಚ್ಚಿದರೂ ಮಾಯುತ್ತಿರಲಿಲ್ಲ. ಬಾಯೊಳಗೆ ಹುಣ್ಣು, ಉಂಡರೆ ಹೊಟ್ಟೆಯುರಿ. ಅಲ್ಲಿನ ಸರಕಾರಿ ವೈದ್ಯರೊಬ್ಬರು ಇದನ್ನು ಗಮನಿಸಿ ಹೈದರಾಬಾದಿನ ಪ್ರಯೋಗಾಲಯದ ನಮ್ಮ ಸರ್‌ಗೆ ತಿಳಿಸಿದ್ದರು. ಸರ್ ನನ್ನನ್ನು ಕಳಿಸಿದರು. ಇವಳು ಚಿತ್ತಾಪುರದವಳು, ಆ ಕಡೆಯ ಮಾತು ಬರುತ್ತದೆ, ಮನೆಯಲ್ಲೇ ಉಂಡುಕೊಂಡು ಕೆಲಸ ಮಾಡುತ್ತಾಳೆ ಎಂಬುದು ಅವರ ಲೆಕ್ಕಾಚಾರ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು.

ಬ್ಯಾಕ್ಟೀರಿಯಾ ಬೆಳಗುವುದು ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಲೋಹ ತುಂಬಿದ ಕೆಸರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳಿಗೆ ಒಳಗೆ ಬಂದ ವಿಷವನ್ನು ಹೊರಗೆ ದಬ್ಬುವ ಏರ್ಪಾಡೊಂದು ಹುಟ್ಟಿನಿಂದಲೇ ಇರುತ್ತದೆ. ವಿಷ ಸೋಂಕಿದಾಗ ಅದು ಎಚ್ಚರವಾಗುತ್ತದೆ, ಇಲ್ಲದಾಗ ಮಲಗಿರುತ್ತದೆ. ಆ ಎಚ್ಚರಿಸುವ ವಂಶವಾಹಿಯನ್ನಷ್ಟೇ ಕತ್ತರಿಸಿ ತೆಗೆದು, ಕಡಲಿನಲ್ಲಿ ಮಿನುಗುವ ಇನ್ನೊಂದು ಬ್ಯಾಕ್ಟೀರಿಯಾದ ಬೆಳಕಿನ ವಂಶವಾಹಿಗೆ ಜೋಡಿಸಿದರೆ, ವಿಷ ಕಂಡಾಗಲೆಲ್ಲ ದೀಪ ಹಚ್ಚುವ ಜೀವಿಯೊಂದು ತಯಾರಾಗುತ್ತದೆ. ನಮ್ಮದು ಕ್ರೋಮಿಯಂಗೆ ಬೆಳಗುವಂಥದ್ದು. ಕ್ರೋಮಿಯಂನಲ್ಲಿ ಎರಡು ರೂಪ. ಒಂದು ಹಳದಿ, ನೀರಿನಲ್ಲಿ ಕರಗುತ್ತದೆ, ಮೈಯನ್ನು ಒಳಗೂ ಹೊರಗೂ ಸುಡುತ್ತದೆ. ಇನ್ನೊಂದು ಹಸಿರು, ಕರಗದೆ ತಳದಲ್ಲಿ ಕೂರುತ್ತದೆ, ಅಷ್ಟು ಕೇಡಿಲ್ಲ. ಹಳದಿಯನ್ನು ಹಸಿರಾಗಿ ಬದಲಿಸುವ ಎರಡನೆಯ ಬ್ಯಾಕ್ಟೀರಿಯಾವನ್ನೂ ಸರ್ ಮಾಡಿಟ್ಟಿದ್ದರು. ಮೊದಲನೆಯದನ್ನು ನಾವು ಕಾವಲುಗಾರ ಎನ್ನುತ್ತಿದ್ದೆವು, ಎರಡನೆಯದನ್ನು ತೊಳೆಯುವವ.

ಮನುಷ್ಯ ಕೈಹಾಕಿ ಮಾಡಿದ ಜೀವಿಗಳಾದ್ದರಿಂದ ನಿಯಮ ಬಿಗಿಯಾಗಿತ್ತು. ನೀರು ಬ್ಯಾಕ್ಟೀರಿಯಾದ ಬಳಿ ಬರಬಹುದು, ಬ್ಯಾಕ್ಟೀರಿಯಾ ನೀರಿನ ಬಳಿ ಹೋಗಕೂಡದು. ಕೋಣೆಯ ಹೊರಗೆ ಒಂದು ಹನಿಯೂ ದಾಟಬಾರದು. ಕೆಲಸ ಮುಗಿದ ಕೂಡಲೇ ಗಾಜಿನ ನಳಿಗೆಗಳನ್ನು ದೊಡ್ಡ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿ ಎಲ್ಲವನ್ನೂ ಸಾಯಿಸಬೇಕು. ಚಿತ್ತಾಪುರದ ಕಾಲೇಜೊಂದರ ಹಳೆಯ ಸ್ಟೋರ್ ರೂಮನ್ನು ಸುಣ್ಣ ಹೊಡೆಸಿ, ಕಿಟಕಿಗೆ ಜಾಳಿಗೆ ಹಾಕಿಸಿ, ಇದಕ್ಕಾಗಿ ಅನುಮತಿ ಪಡೆದಿದ್ದೆವು. ಸಂಜೆ ಮನೆಗೆ ಬಂದರೆ ಅವ್ವ ನನ್ನನ್ನು ಅಡುಗೆಮನೆಯ ಹೊಸ್ತಿಲಲ್ಲೇ ತಡೆಯುತ್ತಿದ್ದಳು. ಹುಳ ಮುಟ್ಟಿ ಬಂದವಳು ಮೊದಲು ತಲೆಗೆ ನೀರು ಹಾಕಿಕೊಳ್ಳಬೇಕು, ಆಮೇಲೆ ಅನ್ನ. ಅವ್ವನ ಮಡಿ ಸರಕಾರದ ನಿಯಮಕ್ಕಿಂತ ಬಿಗಿ ಎಂದು ನಾನು ಕಾಡಿಸುತ್ತಿದ್ದೆ.

ಬೆಳಗಿನ ಪ್ಯಾಸೆಂಜರಿಗೆ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಶಹಾಬಾದಕ್ಕೆ ಇಳಿಯುತ್ತಿದ್ದೆ. ಮೊಣಕಾಲ ಮಧ್ಯೆ ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಡಬ್ಬಿ. ಮೀನು ಒಯ್ಯುತ್ತೀರೇನು ಎಂದು ಕೇಳದ ಪ್ರಯಾಣಿಕನಿಲ್ಲ. ವೈಷ್ಣವರ ಮನೆಯ ಮಗಳು ಇಷ್ಟು ಸಲ ಮೀನು ಮಾರಿದ್ದು ಚಿತ್ತಾಪುರದ ಇತಿಹಾಸದಲ್ಲೇ ಮೊದಲಿರಬೇಕು.

ಆ ಬಾವಿ ಊರ ಹೊರಗಿನ ಒಂದು ಓಣಿಯಲ್ಲಿತ್ತು. ಸುತ್ತ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ, ಉಜ್ಜುವ ಅಂಗಳಗಳು, ಮನೆಗಳ ಮೇಲೆಲ್ಲ ಬಿಳಿ ಧೂಳು. ಎಲ್ಲರೂ ಅದನ್ನು ಚಾಚಾನ ಬಾವಿ ಎನ್ನುತ್ತಿದ್ದರು. ಚಾಚಾ ಎಂದರೆ ಬಾವಿಯ ಎದುರಿನ ಮನೆಯ ಮುದುಕ, ವೃತ್ತಿಯಿಂದ ಗೌಂಡಿ. ಬರೀ ಮನೆ ಕಟ್ಟುವ ಗೌಂಡಿಯಲ್ಲ, ಸಿಮೆಂಟು ಭಟ್ಟಿಗಳ ಒಳಗಿನ ಇಟ್ಟಂಗಿ ಕೂರಿಸುವವರು. ಭಟ್ಟಿ ತಣ್ಣಗಾದಾಗ ಅದರ ಹೊಟ್ಟೆಯೊಳಗೆ ಹೊಕ್ಕು, ಸುಟ್ಟು ಸವೆದ ಇಟ್ಟಂಗಿ ಕಿತ್ತು, ಹೊಸದನ್ನು ಬಳೆಯಂತೆ ಸುತ್ತಲೂ ಕೂರಿಸುವುದು ಅವರ ಕೆಲಸವಾಗಿತ್ತು. ಈಗ ಮೊಣಕಾಲು ಹಿಡಿದು ಮನೆಯಲ್ಲಿ ಕೂತಿದ್ದರು. ಹೆಂಡತಿ ಹೊಟ್ಟೆಯ ಬೇನೆಯಿಂದ ತೀರಿ ಕೆಲವು ವರ್ಷಗಳಾಗಿದ್ದವು. ಮಗ ಲಾರಿ ಮೇಲೆ ಊರೂರು ತಿರುಗುತ್ತಿದ್ದ. ಮನೆಯಲ್ಲಿ ಚಾಚಾ ಮತ್ತು ಬಸುರಿ ಸೊಸೆ. ಮೊದಲ ದಿನವೇ ಚಹಾ ಬಂತು, ಕುಡಿದೆ. ಗೋಡೆಯ ಗೂಡಿನಲ್ಲಿ ಶರಬತ್ತಿನ ಹಳೆಯ ಗಾಜಿನ ಬಾಟಲಿಯೊಂದು ಬಟ್ಟೆಯ ಬಿರಡೆ ಹಾಕಿಸಿಕೊಂಡು ಕೂತಿತ್ತು. ಎಣ್ಣೆ ಇರಬೇಕು ಎಂದುಕೊಂಡೆ.

ಬಾವಿಯ ಕತೆಯನ್ನು ಚಾಚಾ ತಾವಾಗಿಯೇ ಹೇಳಿದರು. ಅದು ಹಿಂದೆ ಮೆಟ್ಟಿಲ ಬಾವಿಯಾಗಿತ್ತು. ಜನ ಇಳಿದು, ಕಾಲು ನೆನೆಸಿ ನೀರು ತುಂಬುತ್ತಿದ್ದರು. ಆ ಕಾಲದಲ್ಲಿ ನಮ್ಮ ಕಡೆ ನಾರಿನ ಪೀಡೆ. ಕಾಲಿನ ಹುಣ್ಣಿನಿಂದ ದಾರದಂಥ ಹುಳ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ಹುಣ್ಣಿನ ಕಾಲು ನೀರಿಗಿಳಿದರೆ ಹುಳದ ಮರಿ ನೀರಿಗೆ, ನೀರಿನಿಂದ ಇನ್ನೊಬ್ಬರ ಹೊಟ್ಟೆಗೆ. ತೊಂಬತ್ತರ ದಶಕದ ಮೊದಲಲ್ಲಿ ಆರೋಗ್ಯ ಇಲಾಖೆಯವರು ಬಂದು ಮೆಟ್ಟಿಲು ಮುಚ್ಚಿ, ಸೇದುವ ಬಾವಿ ಮಾಡಿ ಎಂದು ಹೇಳಿ ಹೋದರು. ಹೇಳಿದವರು ಹೋದರು, ಮಾಡುವವರು ಬರಲಿಲ್ಲ. ಕೊನೆಗೆ ಚಾಚಾ ತಾವೇ ಇಳಿದರು. ಮುಚ್ಚಿಹೋಗಿದ್ದ ಒಂದು ಸಣ್ಣ ಭಟ್ಟಿಯ ಹಳೆಯ ಇಟ್ಟಂಗಿಗಳು ರಾಶಿ ಬಿದ್ದಿದ್ದವು. ಭಟ್ಟಿಯ ಇಟ್ಟಂಗಿ ಒಂದು ಕಡೆ ಅಗಲ, ಒಂದು ಕಡೆ ಸಣ್ಣ. ಸಾಲಾಗಿ ಇಟ್ಟರೆ ತಾನಾಗಿಯೇ ದುಂಡಗೆ ತಿರುಗುತ್ತದೆ. ಬಾವಿಗೂ ದುಂಡನೆಯ ಗೋಡೆಯೇ ಬೇಕಿತ್ತು. ಫರ್ಸಿ ನೀರಿನಲ್ಲಿ ಪದರು ಬಿಡುತ್ತದೆ, ಇದು ಬೆಂಕಿಯನ್ನೇ ತಡೆದದ್ದು, ನೀರಿಗೆ ಏನಾದೀತು ಎಂದು ಅವರ ಎಣಿಕೆ.

"ಈ ಗ್ವಾಡಿ ಎದ್ದ ಮ್ಯಾಲ ನಮ್ಮ ಓಣ್ಯಾಗ ಒಬ್ಬರ ಕಾಲಾಗೂ ನಾರು ಬಂದಿಲ್ರಿ ಬಾಯಿ," ಎಂದು ಚಾಚಾ ಬಗ್ಗಿ ಗೋಡೆಯನ್ನು ತಟ್ಟಿದರು, ಸಾಕಿದ ಎತ್ತಿನ ಬೆನ್ನು ತಟ್ಟಿದ ಹಾಗೆ.

ಅದು ನಿಜವಾಗಿತ್ತು. ಆ ಓಣಿಯಲ್ಲಿ ಅವರಿಗೆ ಸಿಗುತ್ತಿದ್ದ ಸಲಾಮಿಗೆಲ್ಲ ಆ ಗೋಡೆಯೇ ಕಾರಣ.

ಇನ್ನು ಕತ್ತಲೆಯ ವಿಷಯ. ನಳಿಗೆಗಳು ಬೆಳಗದೆ ಇದ್ದಾಗ ಅದೇ ಬಾವಿಯ ನೀರಿಗೆ ನಾನೇ ಒಂದು ಹನಿ ಕ್ರೋಮಿಯಂ ಹಾಕಿ ನೋಡಿದೆ. ಆಗಲಾದರೂ ಉರಿಯಬೇಕಿತ್ತು. ಉರಿಯಲಿಲ್ಲ. ಅಲ್ಲಿಗೆ ತಿಳಿಯಿತು, ನೀರು ಚೊಕ್ಕವಾಗಿದ್ದರಿಂದ ಕತ್ತಲೆಯಾದದ್ದಲ್ಲ, ಕಾವಲುಗಾರರು ಸತ್ತಿದ್ದರು. ಮಂಜುಗಡ್ಡೆಯ ತಂಪು ಹೆಚ್ಚಾಯಿತೇ, ಬಾಟಲಿ ತೊಳೆದ ಆಸಿಡ್ ಉಳಿಯಿತೇ ಎಂದು ಒಂದೊಂದನ್ನೇ ಬದಲಿಸುತ್ತ ಹೋದೆ. ಮತ್ತೆ ಹೋಗಿ ನೀರು ತಂದೆ, ಮತ್ತೆ ಸತ್ತವು. ಕರೆಂಟು ಹೋಗಿ ಕಾವಿನ ಪೆಟ್ಟಿಗೆ ತಣ್ಣಗಾಗಿ ಒಂದು ಕಂತು ಹಾಳಾಯಿತು. ಸರ್ ಫೋನಿನಲ್ಲಿ, ನಿಮ್ಮೂರಿನ ನೀರೂ ನಿನ್ನಂತೆಯೇ ಮೊಂಡು ಎಂದರು.

ಗುಟ್ಟು ಬಿಟ್ಟುಕೊಟ್ಟವರು ಆ ಓಣಿಯ ಆರೋಗ್ಯ ಕಾರ್ಯಕರ್ತೆ. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಒಳ್ಳೆಯ ಹೆಂಗಸು, ನಾರಿನ ಕಾಲದಿಂದ ಆ ಬಿಸಿಲಲ್ಲಿ ಸುತ್ತಿದವರು. ನಾನು ಬರುವ ದಿನ ವೈದ್ಯರಿಂದ ಅವರಿಗೆ ಮೊದಲೇ ತಿಳಿಯುತ್ತಿತ್ತು.

"ನೀವು ಬರ್ತೀರಂತ ಗೊತ್ತಾದ್ ಕೂಡ್ಲೆ ಹಿಂದಿನ ದಿನಾನೇ ಬ್ಲೀಚಿಂಗ್ ಪುಡಿ ದಂಡಿ ಹಾಕಸ್ತೀನ್ರಿ," ಎಂದರು ಹೆಮ್ಮೆಯಿಂದ. "ಮ್ಯಾಲಿನವರು ಬಂದಾಗ ಬಾವಿ ಹಂಗೇ ಇದ್ದರ ನಮ್ಮ ಮರ್ಯಾದಿ ಏನ್ರಿ?"

ನನಗೆ ಆಗ ನೆಗಡಿಯಾಗಿ ಮೂಗು ಕಟ್ಟಿತ್ತು, ವಾಸನೆ ಹತ್ತಿರಲಿಲ್ಲ. ಮನೆಗೆ ಬೀಗರು ಬರುತ್ತಾರೆಂದು ಅಂಗಳ ಸಾರಿಸುವ ಮರ್ಯಾದೆ ನಮ್ಮದು. ನನ್ನ ಬ್ಯಾಕ್ಟೀರಿಯಾ ಆ ಮರ್ಯಾದೆಗೇ ಬಲಿಯಾಗುತ್ತಿದ್ದವು.

ಮುಂದಿನ ಸಲ ಯಾರಿಗೂ ಹೇಳದೆ ಹೋದೆ. ಆ ನೀರು ತಂದು ಸ್ಟೋರ್ ರೂಮಿನ ಕಪ್ಪು ಬಟ್ಟೆ ಹೊದಿಸಿದ ಮೂಲೆಯಲ್ಲಿ ನಳಿಗೆಗಳನ್ನು ಇಟ್ಟೆ. ಕೈಯಳತೆಯ ಯಂತ್ರವೊಂದು ಬೆಳಕನ್ನು ಅಂಕಿಯಲ್ಲಿ ತೋರಿಸುತ್ತಿತ್ತು. ಅಂಕಿ ಏರುತ್ತ ಹೋಯಿತು. ಯಂತ್ರ ಬದಿಗಿಟ್ಟು ಬಟ್ಟೆಯೊಳಗೆ ತಲೆ ತೂರಿಸಿ ಕಾದೆ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಕಂಡಿತು. ತೆಳುವಾದ ನೀಲಿ-ಹಸಿರು, ನೇರವಾಗಿ ನೋಡಿದರೆ ಮಾಯವಾಗುವಷ್ಟು ಮೆಲ್ಲಗೆ. ಅಷ್ಟು ದಿನದ ಹೆಣಗಾಟದ ಮೇಲೆ ಮೈ ಜುಮ್ಮೆಂದಿತು. ಆಮೇಲೆ ಆ ಸೊಸೆಯ ಹೊಟ್ಟೆ ನೆನಪಾಗಿ ಬಟ್ಟೆಯಿಂದ ತಲೆ ಹೊರಗೆ ತೆಗೆದೆ. ಖಚಿತಪಡಿಸಿಕೊಳ್ಳಲು ರಾಸಾಯನಿಕ ಪರೀಕ್ಷೆಯನ್ನೂ ಮಾಡಿದೆ. ನೀರು ಗಾಢ ನೇರಳೆಗೆ ತಿರುಗಿತು, ಅದೂ ಕ್ರೋಮಿಯಂ ಎಂದೇ ಹೇಳಿತು.

ವಿಷ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಕಲ್ಲುಗಣಿಯ ಹೊಂಡದ ನೀರು, ಉಜ್ಜುವ ಅಂಗಳದ ಕೊಚ್ಚೆ, ರೈಲು ಗೇಟಿನಾಚೆಯ ಬೋರಿನ ನೀರು, ಎಲ್ಲ ತಂದೆ. ಅವುಗಳಲ್ಲಿ ಕತ್ತಲೆ. ಈ ಸಲ ಕಾವಲುಗಾರರು ಬದುಕಿದ್ದರು, ಒಂದು ಹನಿ ಕ್ರೋಮಿಯಂ ಹಾಕಿದರೆ ಉರಿಯುತ್ತಿದ್ದರು. ಬಾವಿಯ ನಡುವಿನ ನೀರು ಬೆಳಗಿತು. ಗೋಡೆಯಿಂದ ಜಿನುಗುವ ನೀರು ಅದಕ್ಕಿಂತ ಹೆಚ್ಚು ಬೆಳಗಿತು. ಚಾಚಾನ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಉಳಿದ ಇಟ್ಟಂಗಿಗಳಿದ್ದವು. ಒಂದು ಚೂರು ಕೇಳಿದೆ. ಪರೀಕ್ಷೆಗೆ ಎಂದೆ. ಎಂಥ ಗಟ್ಟಿ ಮಾಲು ಎಂದು ತೋರಿಸಲು ಚಾಚಾ ತಾವೇ ಸುತ್ತಿಗೆಯಿಂದ ಒಡೆದು ಕೊಟ್ಟರು. ಅದನ್ನು ಸ್ಟೀಲಿನ ಲೋಟದಲ್ಲಿ ನೆನೆಹಾಕಿದೆ. ಸಂಜೆಯ ಹೊತ್ತಿಗೆ ಲೋಟದ ನೀರು ಕುಸುಬಿ ಹೂವಿನ ಹಳದಿಯಾಗಿತ್ತು.

ಆ ಭಟ್ಟಿಯ ಇಟ್ಟಂಗಿಯಲ್ಲಿ ಕ್ರೋಮಿಯಂ ಬೆರೆಸಿರುತ್ತಿದ್ದರು, ಶಾಖ ತಡೆಯಲಿ ಎಂದು. ಹೊಸದಿದ್ದಾಗ ಅದು ಕರಗದ ಹಸಿರು ರೂಪದಲ್ಲಿರುತ್ತದೆ. ವರ್ಷಗಟ್ಟಲೆ ಭಟ್ಟಿಯ ಉರಿಯಲ್ಲಿ ಸುಣ್ಣ, ಕ್ಷಾರದ ಜೊತೆ ಬೆಂದು ಹಳದಿ ವಿಷವಾಗಿಬಿಡುತ್ತದೆ. ಹುಳದಿಂದ ಜನರನ್ನು ಕಾಯಲು ಕಟ್ಟಿದ ಗೋಡೆ ಅಂದಿನಿಂದಲೂ ನೀರಿಗೆ ವಿಷ ಬಿಡುತ್ತಲೇ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಸಣ್ಣವಳಿದ್ದಾಗಿನಿಂದ ಕೇಳಿದ್ದೆ. ಆ ಗಾದೆಯ ಬೇಲಿಗೆ ಇಷ್ಟು ಒಳ್ಳೆಯ ಮನಸ್ಸಿನ ಯಜಮಾನನಿರಬಹುದು ಎಂದುಕೊಂಡಿರಲಿಲ್ಲ.

ಹೇಳಲು ಹೋದ ದಿನ ಮಾತು ಹೇಗೆ ಶುರುಮಾಡುವುದೆಂದು ರೈಲಿನಲ್ಲೆಲ್ಲ ಯೋಚಿಸಿದ್ದೆ. ಅದರ ಅಗತ್ಯವೇ ಬೀಳಲಿಲ್ಲ. ಕೂತ ಕೂಡಲೇ ಸೊಸೆ ಚಹಾ ತಂದಿಟ್ಟಳು. ನಾನು ಗ್ಲಾಸು ಎತ್ತಿಕೊಂಡೆ, ತುಟಿಯವರೆಗೆ ಬಂತು, ಮತ್ತೆ ಕೆಳಗಿಟ್ಟೆ. ಚಾಚಾ ನೋಡುತ್ತಿದ್ದರು. ನಮ್ಮ ಕಡೆ ನಮ್ಮಂಥ ಮನೆಯವರು ಅವರಂಥ ಮನೆಯ ಚಹಾ ಒಲ್ಲೆ ಎಂದರೆ ಅದಕ್ಕೆ ಒಂದೇ ಅರ್ಥ. ಅವರ ಮುಖ ಬಿಗಿಯಿತು.

"ಮೊನ್ನಿ ಕುಡದಿದ್ರಿ," ಎಂದರು. "ಇವತ್ತ ಯಾಕ ಒಲ್ಲ ಅಂತೀರಿ?"

"ಚಾಚಾ, ಚಹಾದಾಗ ತಪ್ಪಿಲ್ರಿ. ನೀರಿನಾಗ ಅದ."

"ನೀರಿಗಿ ಎಲ್ಲಿಂದ ಬಂತು?"

"ಗ್ವಾಡಿಯಿಂದ."

ಅವರು ನನ್ನ ಗ್ಲಾಸನ್ನು ತಮ್ಮ ಕಡೆ ಎಳೆದುಕೊಂಡು ಒಳಗೆ ನೋಡಿದರು, ಆಮೇಲೆ ಅದನ್ನು ತಾವೇ ಕುಡಿದರು. ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಹುಣ್ಣಿನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಮರುದಿನ ಸಿಸ್ಟರ್ ಓಣಿಯ ಜನರನ್ನು ಬಾವಿಯ ಬಳಿ ಸೇರಿಸಿದರು. ನೀರಿನಲ್ಲಿ ಲೋಹದ ವಿಷವಿದೆ, ಕುಡಿಯಬೇಡಿ, ಅಡುಗೆಗೂ ಬೇಡ ಎಂದೆ. ಮದ್ದಿಲ್ಲವೇ ಎಂದು ಯಾರೋ ಕೇಳಿದರು. ಇಂಥ ವಿಷವನ್ನು ಬದಲಿಸುವ ಸೂಕ್ಷ್ಮಜೀವಿಗಳಿವೆ, ಆದರೆ ಹೊರಗೆ ಬಳಸಲು ದಿಲ್ಲಿಯ ಅನುಮತಿ ಇನ್ನೂ ಸಿಕ್ಕಿಲ್ಲ ಎಂದು ಇದ್ದದ್ದನ್ನು ಹೇಳಿದೆ. ಸೂಕ್ಷ್ಮಜೀವಿ ಎಂದರೆ ಜನರಿಗೆ ತಿಳಿಯಲಿಲ್ಲ. ಸಿಸ್ಟರ್ ಬಿಡಿಸಿ ಹೇಳಲು ಹೋಗಿ, ಒಳ್ಳೆಯ ಹುಳಗಳು, ನೀರಿಗೆ ಬಿಟ್ಟರೆ ವಿಷ ತಿನ್ನುತ್ತವೆ ಎಂದುಬಿಟ್ಟರು.

ಗದ್ದಲ ಎದ್ದಿತು. ಲುಂಗಿ ಉಟ್ಟ ಒಬ್ಬ ಕಲ್ಲು ಕೊಯ್ಯುವವನು ಮುಂದೆ ಬಂದು ಮೊಣಕಾಲವರೆಗೆ ಲುಂಗಿ ಎತ್ತಿದ. ಮೀನಖಂಡದ ಮೇಲೆ ನಾರು ಎದ್ದ ಹಳೆಯ ಕಲೆ, ಚರ್ಮ ಒಳಗೆ ಎಳೆದುಕೊಂಡು ಗಂಟಾಗಿತ್ತು.

"ನೀರಾಗಿನ ಹುಳ ಸಾಯ್ಲಿ ಅಂತ ಮೆಟ್ಟಿಲು ಮುಚ್ಚಿಸಿದ್ರಿ," ಎಂದ. "ಈಗ ನೀವೇ ಹುಳ ಬಿಡ್ಲಿಕತ್ತೀರೇನ್ರಿ?"

ನನ್ನ ಬಳಿ ಉತ್ತರವಿತ್ತು, ಬ್ಯಾಕ್ಟೀರಿಯಾಕ್ಕೂ ಹುಳಕ್ಕೂ ಇರುವ ವ್ಯತ್ಯಾಸದ ಬಗ್ಗೆ ಒಂದು ಗಂಟೆ ಪಾಠ ಮಾಡಬಲ್ಲೆ. ಆ ಕಾಲಿನ ಎದುರು ಆ ಪಾಠ ನಡೆಯುವಂತಿರಲಿಲ್ಲ. ಜನ ಬೈದುಕೊಂಡು ಚದುರಿದರು. ಸಂಜೆ ಮತ್ತೆ ಅದೇ ಬಾವಿಯಲ್ಲಿ ಕೊಡ ಇಳಿದವು. ಗೇಟಿನಾಚೆಯ ಬೋರು ದೂರ, ಸಾಲು ದೊಡ್ಡದು, ಅಲ್ಲಿನವರು ಬೇರೆ ಓಣಿಯವರನ್ನು ನಿಲ್ಲಗೊಡುತ್ತಿರಲಿಲ್ಲ. ಕಣ್ಣಿಗೆ ಕಾಣದ ವಿಷಕ್ಕೆ ಹೆದರಿ ಕಣ್ಣೆದುರಿನ ನೀರು ಬಿಡುವುದು ಯಾರಿಗೂ ಸುಲಭವಲ್ಲ.

ಜನ ಹೋದ ಮೇಲೆ ಚಾಚಾ ನನ್ನ ಬಳಿ ಬಂದರು. ಅವರು ಮೊದಲ ಸಲ ನನ್ನನ್ನು ಬೇಟಿ ಎಂದು ಕರೆದದ್ದು ಆ ದಿನ.

"ಹುಳ ಬಿಡ್ರಿ ಬೇಟಿ. ಏನು ಬಿಡ್ತೀರಿ ಬಿಡ್ರಿ, ಜನರಿಗಿ ನಾ ಹೇಳ್ತೀನಿ. ಗ್ವಾಡಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ."

ಆ ಸಂಜೆ ಎಸ್‌ಟಿಡಿ ಬೂತಿನಿಂದ ಸರ್‌ಗೆ ಫೋನು ಮಾಡಿದೆ. ಸರ್ ಕೆಟ್ಟವರಲ್ಲ, ಆತುರದವರು. ದಿಲ್ಲಿಯ ಸಮಿತಿ ಯಾವಾಗ ಕೂರುತ್ತದೋ ದೇವರೇ ಬಲ್ಲ, ಬಾವಿಯ ಯಜಮಾನನೇ ಕೇಳುತ್ತಿದ್ದಾನೆಂದರೆ ತೊಳೆಯುವವರನ್ನು ಒಂದು ಸಣ್ಣ ಕ್ಯಾನಿನಲ್ಲಿ ಒಯ್ದು ಬಿಟ್ಟು ನೋಡು, ಯಾರಿಗೂ ಹೇಳಬೇಕಾಗಿಲ್ಲ ಎಂದರು. ಇಂಥ ಪರೀಕ್ಷೆಯನ್ನು ನಿಜವಾದ ಬಾವಿಯಲ್ಲಿ ಮಾಡಿದವರು ತಮಗೆ ಗೊತ್ತಿದ್ದಂತೆ ಯಾರೂ ಇಲ್ಲ ಎಂದೂ ಸೇರಿಸಿದರು.

ನನಗೂ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಇಟ್ಟಂಗಿ ನೆನೆಸಿದ ಹಳದಿ ನೀರಿಗೆ ತೊಳೆಯುವವರನ್ನು ಹಾಕಿ ಚಿಟಿಕೆ ಸಕ್ಕರೆ ಕೊಟ್ಟು ಇಟ್ಟಿದ್ದೆ. ಹಳದಿ ದಿನದಿಂದ ದಿನಕ್ಕೆ ತಿಳಿಯಾಗಿ ತಳದಲ್ಲಿ ಹಸಿರು ಹಿಟ್ಟು ಕೂತಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಆ ಆಸೆ ಏನೆಂದು ತಿಳಿಯುತ್ತದೆ. ಆದರೆ ಲೋಟದ ನೀರನ್ನು ಯಾರೂ ಕುಡಿಯುವುದಿಲ್ಲ. ಬಾವಿಗೆ ಆ ಜೀವಿಗಳನ್ನೂ ಅವುಗಳ ಆಹಾರಕ್ಕೆಂದು ಬೆಲ್ಲದ ನೀರನ್ನೂ ಸುರಿದರೆ ಬಸುರಿ ಹೆಂಗಸರು ಕುಡಿಯುವುದು ಅದನ್ನೇ. ಗೋಡೆ ನಿಂತಿರುವವರೆಗೆ ಅವು ಇಂದು ತೊಳೆದದ್ದು ನಾಳೆ ಮತ್ತೆ ಹಳದಿಯಾಗುತ್ತದೆ. ಹುತ್ತ ಬಡಿದರೆ ಹಾವು ಸಾಯುವುದೇ? ಅದಕ್ಕಿಂತ ಹೆಚ್ಚಾಗಿ, ಕ್ಯಾನು ಸುರಿದು ನಾನು ಹೈದರಾಬಾದಿಗೆ ಹೋದರೆ ಇವರೆಲ್ಲ ಬಾವಿ ಚೊಕ್ಕವಾಯಿತೆಂದು ನೆಮ್ಮದಿಯಿಂದ ಕುಡಿಯುತ್ತಾರೆ. ಆಗುವುದಿಲ್ಲ ಸರ್, ಗೋಡೆ ಬೀಳಬೇಕು ಎಂದೆ. ಹಾಗಾದರೆ ನಮ್ಮ ಕೆಲಸ ಅಲ್ಲಿ ಏನು ಉಳಿಯಿತು ಎಂದು ಕೇಳಿದರು. ಏನೂ ಇಲ್ಲ ಎಂದು ಫೋನು ಇಟ್ಟೆ.

ಚಾಚಾಗೂ ಅದನ್ನೇ ಹೇಳಿದೆ. ಅವರು ಬಾಗಿಲು ಹಾಕಿಕೊಂಡರು. ನಾನು ಮಾಡಿದ ಯಾವ ವಾದವೂ ಕೆಲಸ ಮಾಡಲಿಲ್ಲ. ಕೆಲಸ ಮಾಡಿದವಳು ಸೊಸೆ, ಅವಳು ವಾದವನ್ನೇ ಮಾಡಲಿಲ್ಲ. ಮುಂಜಾನೆ ಕೊಡ ಎತ್ತಿಕೊಂಡು ಎದುರಿನ ಬಾವಿಯನ್ನು ದಾಟಿ, ಗೇಟಿನಾಚೆಯ ಬೋರಿಗೆ ಹೊರಟಳು. ಅಲ್ಲಿನ ಬೈಗುಳ ತಿಂದು, ತುಂಬಿದ ಹೊಟ್ಟೆಯ ಪಕ್ಕ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು, ರೈಲು ಹಳಿಯ ಜಲ್ಲಿಯ ಮೇಲೆ ಕಾಲು ಜಾರುತ್ತ ಬಂದಳು. ಮರುದಿನವೂ ಹೋದಳು. ಕಟ್ಟೆಯ ಮೇಲೆ ಕೂತ ಮಾವ ಅವಳು ಹೋಗುವುದನ್ನೂ ಬರುವುದನ್ನೂ ನೋಡಿದರು. ಮೂರನೆಯ ದಿನ ನಾನು ಹೋದಾಗ ಚಾಚಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಯಲ್ಲಿ ಇಳಿದಿದ್ದರು. ಉಳಿ, ಸುತ್ತಿಗೆಯ ಸದ್ದು ಒಳಗಿನಿಂದ ಬರುತ್ತಿತ್ತು. ಬೇರೆಯವರು ಇಳಿಯುತ್ತೇವೆಂದರೂ ಬಿಡಲಿಲ್ಲ.

ಗೋಡೆ ಬಿದ್ದರೂ ಬಾವಿ ಉಳಿಯಲಿಲ್ಲ. ತಳದ ಕೆಸರಿನಲ್ಲಿ ವಿಷ ಇಳಿದಿತ್ತು. ಎಷ್ಟು ಸಲ ನೀರು ಎತ್ತಿ ಹಾಕಿದರೂ ನನ್ನ ಕಾವಲುಗಾರರು ಬೆಳಗುತ್ತಲೇ ಇದ್ದರು. ಕೊನೆಗೆ ಫರ್ಸಿಯ ಚೂರು ತುಂಬಿ ಮುಚ್ಚಿದರು. ಕಿತ್ತ ಇಟ್ಟಂಗಿಗಳನ್ನು ಮುಟ್ಟಬೇಡಿ ಎಂದು ಸಾರಿ ಹೇಳಿದ್ದೆ. ಮುಂದಿನ ಸಲ ಹೋದಾಗ ರಾಶಿ ಅರ್ಧಕ್ಕೆ ಇಳಿದಿತ್ತು, ಒಳ್ಳೆಯ ಇಟ್ಟಂಗಿ ಯಾರು ಬಿಡುತ್ತಾರೆ. ಮನೆ ಮನೆಗೆ ಹೋಗಿ ಒಲೆಯ ಕೆಳಗಿನಿಂದ, ಬಚ್ಚಲಿನಿಂದ ಬೇಡಿ ತಂದೆವು. ಎಲ್ಲವೂ ಬರಲಿಲ್ಲ. ದಿಲ್ಲಿಯ ಅನುಮತಿಯೂ ಬರಲಿಲ್ಲ. ಓಣಿಯಲ್ಲಿ ಚಾಚಾಗೆ ಸಲಾಮು ಹೇಳುವವರು ಕಡಿಮೆಯಾದರು, ನನಗಂತೂ ಮೊದಲೇ ಇರಲಿಲ್ಲ.

ನಾನು ಸ್ಟೋರ್ ರೂಮು ಖಾಲಿ ಮಾಡುವ ತಯಾರಿಯಲ್ಲಿದ್ದಾಗ ಒಂದು ಮಧ್ಯಾಹ್ನ ಚಾಚಾ ಚಿತ್ತಾಪುರಕ್ಕೆ ಬಂದರು. ರೈಲಿಳಿದು ಕುಂಟುತ್ತ, ಕೇಳಿಕೊಂಡು ಕಾಲೇಜು ಹುಡುಕಿದ್ದರು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಶರಬತ್ತಿನ ಬಾಟಲಿ, ಅವರ ಮನೆಯ ಗೂಡಿನಲ್ಲಿ ನಾನು ಎಣ್ಣೆ ಎಂದುಕೊಂಡಿದ್ದು. ಅದು ನೀರು. ಹೆಂಡತಿ ಹಾಸಿಗೆ ಹಿಡಿದಾಗ ಚಾಚಾ ದಿನಾ ಬೆಳಿಗ್ಗೆ ಬಾವಿಯ ನೀರು ಸೇದಿ ಮಸೀದಿಗೆ ಒಯ್ಯುತ್ತಿದ್ದರು. ಮೌಲ್ವಿಗಳು ಓದಿ, ಅದರ ಮೇಲೆ ಉಸಿರು ಊದಿ ಕೊಡುತ್ತಿದ್ದರು. ದಮ್ ಮಾಡಿದ ನೀರು ಎನ್ನುತ್ತಾರೆ. ಆಕೆ ಬೇರೆ ಏನೂ ಇಳಿಯದಿದ್ದಾಗಲೂ ಅದನ್ನು ಕುಡಿಯುತ್ತಿದ್ದಳಂತೆ. ಕೊನೆಯ ಬಾಟಲಿ ಉಳಿದುಹೋಯಿತು. ಅಂಥ ನೀರನ್ನು ಕಂಡಲ್ಲಿ ಚೆಲ್ಲುವಂತಿಲ್ಲ, ಹಾಗಾಗಿ ಗೂಡಿನಲ್ಲೇ ಇತ್ತು.

"ಇದನ್ನೂ ನೋಡ್ರಿ," ಎಂದರು.

ಮೇಜಿನ ಮೇಲೆ ಬ್ಲೀಚಿಂಗ್ ಪುಡಿಯ ದ್ರಾವಣವಿತ್ತು, ನೆಲ ಒರೆಸಲು. ಅವರ ನಳಿಗೆಗೆ ಅದರ ಒಂದು ಹನಿ ಬಿದ್ದರೆ ಸಾಕು, ಕಾವಲುಗಾರರು ಸಾಯುತ್ತಾರೆ, ಕತ್ತಲೆ ಉಳಿಯುತ್ತದೆ, ಮುದುಕ ನೆಮ್ಮದಿಯಿಂದ ರೈಲು ಹತ್ತುತ್ತಾನೆ. ನನ್ನ ಕೈ ಬ್ಲೀಚಿಂಗ್ ಬಾಟಲಿಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅದನ್ನು ಮೇಜಿನ ಕೆಳಗೆ ಇಟ್ಟೆ. ಸೊಸೆಯ ಎದುರಿಗೆ ನಿಜ ಹೇಳಿ ಗೋಡೆ ಒಡೆಸಿದವಳು ಇಲ್ಲಿ ಸುಳ್ಳು ಹೇಳಿದರೆ ಅದೂ ಅವರಿಗೆ ಮಾಡುವ ಒಂದು ಬಗೆಯ ಅವಮಾನ ಎನಿಸಿತು. ಬಟ್ಟಿ ಇಳಿಸಿದ ಶುದ್ಧ ನೀರು, ಬೋರಿನ ನೀರು, ಅವರ ನೀರು, ಮೂರನ್ನೂ ಇಟ್ಟು ಹೊತ್ತು ಹೋಗಲಿ ಎಂದು ಕಾದೆವು. ಆಮೇಲೆ ಅವರನ್ನು ಕಪ್ಪು ಬಟ್ಟೆಯ ಒಳಗೆ ಕೂರಿಸಿ ನಾನೂ ಪಕ್ಕದಲ್ಲಿ ಕೂತೆ. ಕಣ್ಣು ಒಗ್ಗಲು ಸಮಯ ಹಿಡಿಯಿತು. ಅವರ ಉಸಿರು ಕೇಳಿಸುತ್ತಿತ್ತು.

ಎರಡು ನಳಿಗೆ ಕತ್ತಲೆಯಲ್ಲಿದ್ದವು. ಮೂರನೆಯದು ಬೆಳಗಿತು.

ಇದು ಲೋಹ ಇದೆ ಎಂದಷ್ಟೇ ಹೇಳುತ್ತದೆ, ಅವರು ಯಾಕೆ ಹೋದರು ಎಂದು ಹೇಳುವುದಿಲ್ಲ, ಅದನ್ನು ಯಾರೂ ಹೇಳಲಾರರು ಎಂದೆ. ನಿಜವೂ ಅದೇ. ಚಾಚಾ ತಲೆಯಾಡಿಸಿದ್ದು ಕತ್ತಲೆಯಲ್ಲೂ ತಿಳಿಯಿತು.

"ಮೌಲ್ವಿ ಸಾಬರು ಊದಿದ್ದು ದುವಾ," ಎಂದರು. "ನೀರು ತಂದಾಂವ ನಾ."

ಹೊರಗೆ ಬಂದ ಮೇಲೆ ಅವರಿಗೆ ಬೇರೆ ಚಿಂತೆ ಹತ್ತಿತ್ತು. ದಮ್ ಮಾಡಿದ ನೀರು ಚೆಲ್ಲುವಂತಿಲ್ಲ, ವಿಷದ ನೀರು ಇಡುವಂತಿಲ್ಲ. ಗಿಡದ ಬುಡಕ್ಕೆ ಹಾಕೋಣವೆಂದರೆ ಗಿಡದ ಗತಿಯೇನು? ಏನು ಮಾಡಲಿ ಎಂದು ನನ್ನನ್ನು ಕೇಳಿದರು. ಬಾಟಲಿ ನನ್ನ ಹತ್ತಿರ ಬಿಟ್ಟು ಹೋಗ್ರಿ, ಮುಂದಿನ ವಾರ ಬರ್ರಿ ಎಂದೆ.

ಅವರು ಹೋದ ಮೇಲೆ ಶೈತ್ಯಪೆಟ್ಟಿಗೆಯಿಂದ ತೊಳೆಯುವವರನ್ನು ತೆಗೆದೆ. ಆ ನೀರಿಗೆ ಹಾಕಿ, ಚಿಟಿಕೆ ಸಕ್ಕರೆ ಕೊಟ್ಟು, ಕಾವಿನ ಪೆಟ್ಟಿಗೆಯಲ್ಲಿಟ್ಟೆ. ಕರೆಂಟು ಹೋದಾಗ ಪೆಟ್ಟಿಗೆಗೆ ಅವ್ವನ ಕಂಬಳಿ ಹೊದಿಸಿದೆ. ತಳದಲ್ಲಿ ಉಗುರಿನ ಅಂಚಿನಷ್ಟು ಹಸಿರು ಕೂತಿತು. ಕುಕ್ಕರಿನಲ್ಲಿ ಬೇಯಿಸಿದೆ, ಜೀವಿಗಳೆಲ್ಲ ಸತ್ತವು. ತೆಳುವಾದ ಸೋಸುವ ಕಾಗದದಲ್ಲಿ ಸೋಸಿ ಹಸಿರನ್ನು ತೆಗೆದೆ. ರಾಸಾಯನಿಕ ಹಾಕಿದರೆ ನೇರಳೆ ಬರಲಿಲ್ಲ, ಕಾವಲುಗಾರರು ಬೆಳಗಲಿಲ್ಲ, ಬದುಕಿದ್ದೂ ಬೆಳಗಲಿಲ್ಲ. ನನ್ನ ಆ ಕೆಲಸದಲ್ಲೆಲ್ಲ ನಮ್ಮ ಬ್ಯಾಕ್ಟೀರಿಯಾ ಆ ಬಾವಿಯ ನೀರಿನಲ್ಲಿ ತೊಳೆದುಕೊಟ್ಟದ್ದು ಅದೊಂದು ಬಾಟಲಿ.

ಚಾಚಾ ಬಂದರು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಚೊಕ್ಕ ಆಗ್ಯದೇನು ಬೇಟಿ?"

"ಆಗ್ಯದ್ರಿ ಚಾಚಾ."

ಅವರು ಬಿರಡೆಯನ್ನು ಒತ್ತಿ ಕೂರಿಸಿ, ಟವೆಲಿನಲ್ಲಿ ಸುತ್ತಿ, ಎದೆಗೆ ಹಿಡಿದುಕೊಂಡರು.

"ಹಂಗಾದ್ರ ಇನ್ನ ಆಕಿ ಗೋರಿಗಿ ಹಾಕಬಹುದು," ಎಂದು ಹೇಳಿ, ಖಬರಸ್ತಾನ ಮುಚ್ಚುವುದರೊಳಗೆ ಶಹಾಬಾದ ಮುಟ್ಟಬೇಕೆಂದು ನಿಲ್ದಾಣದ ಕಡೆ ಹೊರಟರು.